ಹೊಳೆಗೆ ಬಿಡುವ ನೀರಿನಲ್ಲಿ ಬಿಳಿಮೀನಿಗೂ ಪಾಲು: ಕಾವೇರಿಗೆ ಹರಿವಿನ ಪಟ್ಟಿ ಬರೆಯುವ ಬಗೆ

ಕಾವೇರಿಯ ಮೀನಿಗೆ, ಮೊಸಳೆಗೆ, ನೀರುನಾಯಿಗೆ ಅಂತ ನೀರು ಕೇಳಿದರೆ ಸಭೆಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ಯಾರ ಪಾಲಿನಿಂದ ಕೊಡೋಣ? ಕೆಆರ್‌ಎಸ್‌ನಿಂದ ಬಿಳಿಗುಂಡ್ಲುವಿನವರೆಗಿನ ಹೊಳೆಯ ಮಟ್ಟಿಗೆ, ಹೆಚ್ಚಿನ ತಿಂಗಳುಗಳಲ್ಲಿ, ಯಾರ ಪಾಲನ್ನೂ ಮುಟ್ಟಬೇಕಾಗಿಲ್ಲ. ಬಿಡಲೇಬೇಕಾದ ನೀರನ್ನು ಯಾವಾಗ ಬಿಡುತ್ತೀರಿ, ಎಷ್ಟು ನಿಧಾನವಾಗಿ ಇಳಿಸುತ್ತೀರಿ ಎಂಬುದನ್ನು ಬದಲಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಆಗುತ್ತದೆ.

ಲೆಕ್ಕ ನೋಡಿ. 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿನ ಗಡಿಯ ಮಾಪನ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಯಬೇಕು. ಜೂನ್‌ನಲ್ಲಿ 9.19, ಜುಲೈನಲ್ಲಿ 31.24, ಆಗಸ್ಟ್‌ನಲ್ಲಿ 45.95, ಹೀಗೆ ತಿಂಗಳ ಪಟ್ಟಿ ಇದೆ. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 2.5 ಟಿಎಂಸಿಯಂತೆ ಒಟ್ಟು 10 ಟಿಎಂಸಿ. ಈ ಹತ್ತು ಪರಿಸರದ ಹೆಸರಿನಲ್ಲೇ ಇಟ್ಟ ನೀರು. ಇಷ್ಟೂ ನೀರು ನಾಲೆಯಲ್ಲಿ ಹೋಗುವುದಿಲ್ಲ, ಹೊಳೆಯಲ್ಲೇ ಹೋಗುತ್ತದೆ. ತಿರುಮಕೂಡಲು, ಶಿವನಸಮುದ್ರ, ಮುತ್ತತ್ತಿ, ಸಂಗಮ, ಮೇಕೆದಾಟು ದಾಟಿ, ಬಿಳಿಮೀನು (ಕಾವೇರಿಯ ದೊಡ್ಡ ಮಹಶೀರ್) ಇನ್ನೂ ಉಳಿದಿರುವ ಮಡುಗಳ ಮೇಲೆಯೇ ಹರಿದು ಬಿಳಿಗುಂಡ್ಲು ಸೇರುತ್ತದೆ. ಒಂದೇ ನೀರು ಎರಡು ಕೆಲಸ ಮಾಡಬಲ್ಲದು. ಮಾಡದೆ ಹೋಗುವುದಕ್ಕೆ ಕಾರಣ ತಿಂಗಳ ಲೆಕ್ಕ.

2.5 ಟಿಎಂಸಿಯನ್ನು 30 ದಿನಕ್ಕೆ ಹಂಚಿದರೆ ಸುಮಾರು 965 ಕ್ಯುಸೆಕ್, ಫೆಬ್ರವರಿಯ 28 ದಿನಕ್ಕೆ ಹಂಚಿದರೆ 1,033. (ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. 1 ಟಿಎಂಸಿ ಎಂದರೆ ಒಂದು ದಿನವಿಡೀ 11,574 ಕ್ಯುಸೆಕ್. ಈ ಒಂದು ಅಂಕಿ ನೆನಪಿದ್ದರೆ ಉಳಿದದ್ದನ್ನೆಲ್ಲ ಬೆರಳಲ್ಲೇ ಎಣಿಸಬಹುದು.) ಆದರೆ ಹತ್ತು ದಿನ ಹೊಳೆಯನ್ನು ಒಣಗಿಸಿ ಉಳಿದ ಇಪ್ಪತ್ತು ದಿನ ಸುಮಾರು 1,450 ಬಿಟ್ಟರೂ ತಿಂಗಳ ಲೆಕ್ಕ ಸರಿಹೋಗುತ್ತದೆ. ಹಗಲು ಸೊನ್ನೆ, ರಾತ್ರಿ 1,930 ಬಿಟ್ಟರೂ ಸರಿಹೋಗುತ್ತದೆ. ಕಾಗದದ ಮೇಲೆ ಮೂರೂ ಒಂದೇ, ಹೊಳೆಯೊಳಗೆ ಮೂರೂ ಬೇರೆ. ಮುಂದೆ ಹೇಳುವುದೆಲ್ಲ ಈ ವ್ಯತ್ಯಾಸವನ್ನು ಅಳೆದು, ಗೇಟಿನ ಆದೇಶವಾಗಿ ಬರೆಸುವ ಕೆಲಸ.

ಹೊಳೆಯನ್ನು ತುಂಡುಗಳಾಗಿ ನೋಡಿ

ಇಡೀ ನದಿಗೆ ಒಂದೇ ಯೋಜನೆ ಬರೆಯಲು ಹೋಗಬೇಡಿ. ನೀರಿನ ನಡತೆ ಎಲ್ಲಿ ಬದಲಾಗುತ್ತದೋ ಅಲ್ಲಿ ಕತ್ತರಿಸಿ. ಇಲ್ಲಿ ಮೂರು ತುಂಡು ಸಹಜವಾಗಿ ಸಿಗುತ್ತವೆ. ಮೊದಲನೆಯದು ಕೆಆರ್‌ಎಸ್‌ನಿಂದ ತಿರುಮಕೂಡಲು ನರಸೀಪುರ: ಹಳೆಯ ಒಡ್ಡುಗಳು, ರಂಗನತಿಟ್ಟು, ಶ್ರೀರಂಗಪಟ್ಟಣ. ಎರಡನೆಯದು ಕಬಿನಿ ಕೂಡಿದ ಮೇಲೆ ತಲಕಾಡು ದಾಟಿ ಶಿವನಸಮುದ್ರದವರೆಗೆ: ಮಾಧವಮಂತ್ರಿ ಅಣೆಕಟ್ಟು, ಮರಳಿನ ದಡ, ನೀರೆತ್ತುವ ಪಂಪುಗಳು. ಮೂರನೆಯದು ಜಲಪಾತದ ಕೆಳಗೆ ಶಿಂಷಾ ಮತ್ತು ಅರ್ಕಾವತಿ ಸೇರುವ ಕಾಡಿನ ಕಮರಿ. ಹೆಚ್ಚಿನ ಭಾಗ ಕಾವೇರಿ ವನ್ಯಜೀವಿಧಾಮಕ್ಕೆ ತಾಗಿಕೊಂಡಿದೆ.

ಜಲಪಾತ ಮೀನಿಗೆ ಗೋಡೆ. ಕೆಳಗಿನ ಮೀನು ಮೇಲೆ ಹತ್ತುವುದಿಲ್ಲ, ಹಾಗಾಗಿ ಮೂರನೇ ತುಂಡಿನ ಮೀನಿಗೆ ಮೊಟ್ಟೆ ಇಡುವ ಜಾಗ ಆ ತುಂಡಿನಲ್ಲೋ ಅದರ ಉಪನದಿಗಳಲ್ಲೋ ಸಿಗಬೇಕು. ಶಿಂಷಾ, ಅರ್ಕಾವತಿಗಳ ಬಾಯಿಯನ್ನೂ ನಕ್ಷೆಯಲ್ಲಿ ಸೇರಿಸಿ.

ಜಲವಿದ್ಯುತ್ ಘಟಕ ಇರುವಲ್ಲಿ ಒಡ್ಡಿನಿಂದ ನೀರು ತಿರುಗಿಸಿ, ಕೆಳಗೆ ವಿದ್ಯುದಾಗಾರದ ಬಾಯಿಂದ ಮತ್ತೆ ಹೊಳೆಗೆ ಬಿಡುತ್ತಾರಲ್ಲ, ಆ ನಡುವಿನ ಪಾತ್ರವನ್ನು ಪ್ರತ್ಯೇಕ ತುಂಡೆಂದೇ ಗುರುತಿಸಿ. ಬೇಸಿಗೆಯಲ್ಲಿ ಪೂರ್ತಿ ಒಣಗುವುದು ಅದೇ. ಮೇಲೂ ಕೆಳಗೂ ಮಾಪನ ಚೆನ್ನಾಗಿ ಕಾಣುವುದರಿಂದ ಯಾರ ಕಣ್ಣಿಗೂ ಅದು ಬೀಳುವುದಿಲ್ಲ.

ಯಾವ ಜೀವಕ್ಕೆ ಯಾವ ತಿಂಗಳು

ನೂರು ಪ್ರಭೇದಗಳ ಪಟ್ಟಿ ಎಂಜಿನಿಯರಿಗೆ ಉಪಯೋಗಕ್ಕೆ ಬಾರದು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಸಾಯುವ ನಾಲ್ಕೈದನ್ನು ಆರಿಸಿ. ಅವು ಉಳಿದರೆ ಉಳಿದವೂ ಹೆಚ್ಚುಕಡಿಮೆ ಉಳಿಯುತ್ತವೆ.

ಬಿಳಿಮೀನು ಮೊದಲು. ಬೆನ್ನುಬ್ಬಿದ, ಕಿತ್ತಳೆ ರೆಕ್ಕೆಯ ಈ ಮಹಶೀರ್ 50 ಕಿಲೋ ದಾಟಿ ಬೆಳೆಯುತ್ತಿತ್ತು. ಕೇರಳದ ಪಾಂಬಾರ್ ಹೊಳೆಯ ಮೀನಿಗೆ 2007ರಲ್ಲಿ ಇಟ್ಟ ‘ಟಾರ್ ರೆಮಾದೇವಿ’ ಎಂಬ ಹೆಸರೇ ಕಾವೇರಿಯ ಈ ಮೀನಿಗೂ ಸಲ್ಲುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿ ಇದನ್ನು ತೀವ್ರವಾಗಿ ಅಳಿವಿನಂಚಿನಲ್ಲಿರುವ ಪ್ರಭೇದ ಎಂದು ಸೇರಿಸಿಕೊಂಡಿತು. ಕಾವೇರಿ ಜಲಾನಯನ ಬಿಟ್ಟು ಬೇರೆಲ್ಲೂ ಇದು ಇಲ್ಲ. ಬೇಸಿಗೆಯಲ್ಲಿ ಆಳದ ಮಡು ಹಿಡಿದು ಕೂರುತ್ತದೆ, ಮುಂಗಾರಿನ ಹೊಸ ನೀರು ಏರುತ್ತಿದ್ದಂತೆ ಮೇಲಕ್ಕೆ ಹೊರಡುತ್ತದೆ. ಮಹಶೀರ್ ಜಾತಿಯ ಮೀನುಗಳು ಮೊಟ್ಟೆ ಇಡುವುದು ಶುದ್ಧ ನೀರು ಓಡುವ ಗರಸು ಕಲ್ಲಿನ ಮೇಲೆ. ಮೊಟ್ಟೆ ಒಡೆಯಲು ಮೂರ್ನಾಲ್ಕು ದಿನ ಬೇಕು. ಆಮೇಲೂ ಮರಿಗಳು ಕೆಲವು ದಿನ ಕಲ್ಲಿನ ಸಂದಿಯಲ್ಲೇ ಇರುತ್ತವೆ, ಈಜಿ ತಪ್ಪಿಸಿಕೊಳ್ಳಲಾರವು. ಆ ಎರಡು ವಾರದಲ್ಲಿ ನೀರು ಅರ್ಧ ಅಡಿ ಇಳಿದರೂ ಒಂದು ವರ್ಷದ ಸಂತಾನ ಒಣಗುತ್ತದೆ.

ಮೊಸಳೆಯದು ಇದಕ್ಕೆ ತದ್ವಿರುದ್ಧ ಕಷ್ಟ. ಫೆಬ್ರವರಿಯಿಂದ ಏಪ್ರಿಲ್ ನಡುವೆ ದಡದ ಮರಳಲ್ಲೋ ಮಣ್ಣಲ್ಲೋ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಎರಡು ತಿಂಗಳ ಮೇಲೆ ಮರಿ. ಆ ನಡುವೆ ನೀರು ಏರಿದರೆ ಗೂಡು ಮುಳುಗಿ ಮೊಟ್ಟೆ ಉಸಿರುಕಟ್ಟುತ್ತದೆ. ತೀವ್ರ ಅಳಿವಿನಂಚಿನ ಪಟ್ಟಿಯಲ್ಲೇ ಇರುವ ಲೀತ್‌ನ ಮೆದುಚಿಪ್ಪಿನ ಆಮೆಗೂ ಮರಳಿನ ದಡವೇ ಬೇಕು. ನೀರುನಾಯಿ ಮಳೆಗಾಲ ಕಳೆದ ಮೇಲೆ, ಚಳಿಯಲ್ಲಿ, ದಡದ ಬಿಲಗಳಲ್ಲಿ ಮರಿ ಸಾಕುತ್ತದೆ. ಅದಕ್ಕೆ ಬಂಡೆ, ದಡದ ಪೊದೆ, ಮೀನು ಮೂರೂ ಇರಬೇಕು. ರಂಗನತಿಟ್ಟಿನ ಹಕ್ಕಿಗಳು ಚಳಿಗಾಲದಿಂದ ಮುಂಗಾರಿನವರೆಗೆ ಗೂಡಿನಲ್ಲಿರುತ್ತವೆ. ಜುಲೈ–ಆಗಸ್ಟ್‌ನಲ್ಲಿ ಕೆಆರ್‌ಎಸ್ ಗೇಟು ಒಮ್ಮೆಲೇ ಎತ್ತಿದಾಗ ನಡುಗಡ್ಡೆಗಳ ತಗ್ಗಿನ ಗೂಡುಗಳು ಹೋಗುತ್ತವೆ, ದಡವೂ ಕೊರೆಯುತ್ತದೆ.

ತಿಂಗಳುಗಳನ್ನು ಪುಸ್ತಕ ನೋಡಿ ತುಂಬಬೇಡಿ, ಹರಿಗೋಲಿನ ಮೀನುಗಾರರನ್ನು ಕೇಳಿ. ‘ಜೂನ್ ಎಷ್ಟನೇ ತಾರೀಖು’ ಎಂದು ಕೇಳಿದರೆ ಅಂದಾಜಿನ ಉತ್ತರ ಬರುತ್ತದೆ. ‘ಯಾವ ಮಳೆಯಲ್ಲಿ ಮೀನು ಹತ್ತುತ್ತದೆ’ ಎಂದು ಕೇಳಿದರೆ ಖಚಿತವಾದ ಉತ್ತರ ಬರುತ್ತದೆ. ಮೃಗಶಿರಾ ಎಂದರೆ ಸುಮಾರು ಜೂನ್ 7ರಿಂದ 21, ಆರಿದ್ರಾ ಜುಲೈ 5ರವರೆಗೆ, ಪುನರ್ವಸು 19ರವರೆಗೆ, ಪುಷ್ಯ ಆಗಸ್ಟ್ ಆರಂಭದವರೆಗೆ. ಕನಿಷ್ಠ ಹತ್ತು ಮಂದಿಯನ್ನು ಬೇರೆ ಬೇರೆಯಾಗಿ ಕೇಳಿ, ಮಳೆಯ ಹೆಸರನ್ನು ತಾರೀಖಿಗೆ ಇಳಿಸಿ, ಆ ವರ್ಷಗಳ ಹರಿವಿನ ದಾಖಲೆಯ ಪಕ್ಕದಲ್ಲಿಟ್ಟು ನೋಡಿ. ಮಲೆನಾಡಿನಲ್ಲಿ ಹತ್ತುಮೀನು ಎಂದು ಕರೆಯುವ ಈ ಓಟಕ್ಕೆ ಎಷ್ಟು ಏರಿಕೆ ಬೇಕು ಎಂಬ ಅಂಕಿ ಅಲ್ಲಿಂದಲೇ ಹುಟ್ಟುತ್ತದೆ.

ಹರಿವಿನ ದಾಖಲೆ ಕೂಡಿಸುವುದು

ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳು ಕುಡಿಗೆ, ಚುಂಚನಕಟ್ಟೆ, ಅಕ್ಕಿಹೆಬ್ಬಾಳು, ತಿ. ನರಸೀಪುರ, ಕೊಳ್ಳೇಗಾಲ, ಬಿಳಿಗುಂಡ್ಲುಗಳಲ್ಲಿ ಇವೆ. ಕನಿಷ್ಠ 20 ವರ್ಷದ, ಸಿಕ್ಕರೆ 30 ವರ್ಷದ, ದಿನದ ಹರಿವು ಬೇಕು. ಪ್ರತಿ ತಿಂಗಳ ದಿನಗಳನ್ನೂ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ನೂರರಲ್ಲಿ 90 ದಿನ ಮೀರುವ ಹರಿವು ಎಷ್ಟೆಂದು ಗುರುತಿಸಿ. ಬೇಸಿಗೆಯ ತಳಹರಿವಿನ ಚರ್ಚೆ ಇಲ್ಲಿಂದ ಶುರು.

ಇಲ್ಲಿ ಎರಡು ತಪ್ಪು ಮಾಮೂಲಾಗಿ ಆಗುತ್ತವೆ. ಕಟ್ಟೆಯ ಹೊರಹರಿವಿನ ದಾಖಲೆಯನ್ನೇ ನೈಸರ್ಗಿಕ ಹರಿವೆಂದು ಹಿಡಿದರೆ ಹಾಳಾದ ಹೊಳೆಯೇ ಮಾದರಿಯಾಗಿ ಕೂರುತ್ತದೆ. ಒಳಹರಿವನ್ನು ಹಿಡಿಯಿರಿ. ಆದರೆ ಕೆಆರ್‌ಎಸ್‌ನ ಒಳಹರಿವನ್ನೂ ಮೇಲಿನ ಹಾರಂಗಿ, ಹೇಮಾವತಿ ತಿದ್ದಿರುತ್ತವೆ, ಅವುಗಳ ಸಂಗ್ರಹದ ಏರಿಳಿತವನ್ನು ಕೂಡಿಸಿ ಕಳೆಯಬೇಕು. ಎರಡನೆಯ ತಪ್ಪು ದಿನದ ಸರಾಸರಿಯಲ್ಲಿ ನಿಲ್ಲುವುದು. ಸಂಜೆಯ ಬೇಡಿಕೆಗೆ ಟರ್ಬೈನ್ ತಿರುಗಿಸಿ ಬೆಳಗ್ಗೆ ನಿಲ್ಲಿಸುವ ಘಟಕದ ಕೆಳಗೆ ದಿನದ ಸರಾಸರಿ ಏನನ್ನೂ ಹೇಳದು. 15 ನಿಮಿಷಕ್ಕೊಮ್ಮೆ ನೀರಿನ ಮಟ್ಟ ಬರೆದುಕೊಳ್ಳುವ ಒತ್ತಡ ಮಾಪಕವನ್ನು ಕಬ್ಬಿಣದ ಕೊಳವೆಯೊಳಗಿಟ್ಟು ಬಂಡೆಗೆ ಬಿಗಿಯಿರಿ. ಒಂದು ಬೇಸಿಗೆ ಸಾಕು, ಹೊಳೆಯ ನಾಡಿ ಗೊತ್ತಾಗುತ್ತದೆ.

ಮೀನು ದಾಟಲು ಎಷ್ಟು ನೀರು: ಅಳೆದೇ ತಿಳಿಯಬೇಕು

ಸರಾಸರಿ ವಾರ್ಷಿಕ ಹರಿವಿನ 10 ಶೇಕಡಾ ಇದ್ದರೆ ಉಸಿರಾಟಕ್ಕೆ ಸಾಕು, 30 ಇದ್ದರೆ ಬದುಕಿಗೆ ಸಾಕು ಎಂಬ, ಅಮೆರಿಕದ ಡೊನಾಲ್ಡ್ ಟೆನಂಟ್ ಹೇಳಿದ ಲೆಕ್ಕ 1976ರಿಂದ ಇದೆ. ಗಂಗೆಯ ಮೇಲ್ಭಾಗಕ್ಕೆ 2018ರ ಅಕ್ಟೋಬರ್‌ನಲ್ಲಿ ಹೊರಟ ಅಧಿಸೂಚನೆ ಕಾಲಕ್ಕೆ ತಕ್ಕಂತೆ 20, 25, 30 ಶೇಕಡಾ ನಿಗದಿ ಮಾಡಿತು. ಇವು ಆರಂಭಕ್ಕೆ ಒಳ್ಳೆಯ ಅಂಕಿಗಳು. ಆದರೆ ಬಂಡೆಗಳ ನಡುವೆ ಹತ್ತು ಸೀಳಾಗಿ ಹರಿಯುವ ಮುತ್ತತ್ತಿಯ ಹೊಳೆಗೂ ಬಯಲಿನ ಒಂದೇ ಪಾತ್ರಕ್ಕೂ ಶೇಕಡಾವಾರು ಒಂದೇ ಅರ್ಥ ಕೊಡುವುದಿಲ್ಲ. ಅಳೆಯಿರಿ.

ಪ್ರತಿ ತುಂಡಿನಲ್ಲಿ ನೀರು ಅತಿ ತೆಳುವಾಗಿ ಹರಡುವ ಐದರಿಂದ ಏಳು ಇಳುಕಲುಗಳನ್ನು ಆರಿಸಿ. ದಡದಿಂದ ದಡಕ್ಕೆ ಹಗ್ಗ ಕಟ್ಟಿ, ಅಡ್ಡಕ್ಕೆ 20ರಿಂದ 25 ಕಡೆ ಆಳ ಮತ್ತು ವೇಗ ಬರೆಯಿರಿ. ಆಳ ಮುಕ್ಕಾಲು ಮೀಟರಿಗಿಂತ ಕಡಿಮೆ ಇದ್ದರೆ ಮೇಲಿನಿಂದ ಆಳದ 0.6 ಭಾಗದಲ್ಲಿ ವೇಗಮಾಪಕ ಇಡಿ. ಹೆಚ್ಚಿದ್ದರೆ 0.2 ಮತ್ತು 0.8ರಲ್ಲಿ ಅಳೆದು ಸರಾಸರಿ ತೆಗೆಯಿರಿ. ಮಾಪಕ ಇಲ್ಲದಿದ್ದರೆ ತೇಲುವ ಕಾಯಿ ಬಿಟ್ಟು ವೇಗ ನೋಡಿ 0.85ರಿಂದ ಗುಣಿಸಿ. ಇದೇ ಗೆರೆಗಳನ್ನು ಕನಿಷ್ಠ ಮೂರು ಬೇರೆ ಹರಿವಿನಲ್ಲಿ, ಉದಾಹರಣೆಗೆ 500, 1,000, 2,500 ಕ್ಯುಸೆಕ್ ಇರುವಾಗ, ಅಳೆಯಬೇಕು. ಅಣೆಕಟ್ಟೆಯ ಎಂಜಿನಿಯರರಿಗೆ ಮೊದಲೇ ಪತ್ರ ಬರೆದು ಹರಿವು ಎರಡು ದಿನ ಸ್ಥಿರವಾಗಿರುವ ವೇಳೆ ಕೇಳಿಕೊಳ್ಳಿ. ನೀರು ಏರುತ್ತಿರುವಾಗ ಅಳೆದ ಅಂಕಿ ಕಸ. ಜೀವಕ್ಕೂ ಅಪಾಯ: ಮೇಲೆ ಗೇಟು ಎತ್ತಿದ್ದು ಕೆಳಗೆ ಮಳೆಯಿಲ್ಲದ ಹೊತ್ತಿನಲ್ಲೇ ಬಂದು ಬೀಳುತ್ತದೆ.

ದಾಟುವಿಕೆಗೆ ಅಳತೆಗೋಲು ಹೀಗೆ. ದೊಡ್ಡ ಮಹಶೀರ್‌ನ ಮೈ ಎತ್ತರ 25 ಸೆಂ.ಮೀ. ಎಂದುಕೊಳ್ಳಿ. ಅದರ ಎರಡರಷ್ಟು, 50 ಸೆಂ.ಮೀ. ಆಳ ಬೇಕು. ಆ ಆಳ ಹೊಳೆಯ ಒದ್ದೆ ಅಗಲದ ಕಾಲು ಭಾಗದಲ್ಲಾದರೂ ಇರಬೇಕು, ಅದರಲ್ಲೂ ಅಗಲದ ಹತ್ತನೇ ಒಂದು ಭಾಗದಷ್ಟು ಎಡೆಬಿಡದೆ ಒಂದೇ ಕಡೆ ಇರಬೇಕು. ಯಾವ ಹರಿವಿನಲ್ಲಿ ಎಲ್ಲ ಇಳುಕಲುಗಳೂ ಈ ಪರೀಕ್ಷೆ ಗೆಲ್ಲುತ್ತವೋ ಅದೇ ವಲಸೆಯ ಹರಿವು. ಒಂದು ಇಳುಕಲು ಮಾತ್ರ ಸೋತರೆ ಇಡೀ ಹೊಳೆಗೆ ಹೆಚ್ಚು ನೀರು ಕೇಳುವ ಮೊದಲು ಅಲ್ಲಿಗೆ ಹೋಗಿ ನೋಡಿ. ಗರಸು, ಮರಳು ತೆಗೆದು ಪಾತ್ರ ಅಗಲವಾಗಿರುವುದೇ ಎಷ್ಟೋ ಸಲ ಕಾರಣ. ಮರಳುಗಾರಿಕೆ ನಿಲ್ಲಿಸದೆ ನೀರು ಕೇಳುವುದು ತೂತು ಬಿಂದಿಗೆಗೆ ನೀರು ಹೊಯ್ದಂತೆ.

ಹರಿವಿನ ಪಟ್ಟಿ

ಈಗ ಬರೆಯಬಹುದು. ಫೆಬ್ರವರಿಯಿಂದ ಮೇವರೆಗೆ ಎರಡು ಗೆರೆ: ಕೆಳಗೆ ಇಳಿಯಬಾರದ ನೆಲ, ಮೇಲೆ ಏರಬಾರದ ಸೂರು. ನೆಲ ತಿಂಗಳ ಸರಾಸರಿ ಆಗಬಾರದು, ಯಾವ ಕ್ಷಣಕ್ಕೂ ಅನ್ವಯವಾಗಬೇಕು. ಆದೇಶದಲ್ಲಿ ‘ಯಾವುದೇ ಗಂಟೆಯಲ್ಲಿ’ ಎಂಬ ಪದ ಇರಲೇಬೇಕು. ಸೂರು ಮೊಸಳೆ, ಆಮೆಗಳಿಗಾಗಿ. ಬೇಸಿಗೆಯಲ್ಲಿ ಒಮ್ಮೆ ಹೆಚ್ಚು ನೀರು ಬಿಡಲೇಬೇಕಾಗಿದ್ದರೆ ಫೆಬ್ರವರಿ ಮೊದಲ ವಾರದಲ್ಲಿ ಬಿಡಿ. ಪ್ರಾಣಿಗಳು ಆ ಒದ್ದೆ ಗುರುತಿನ ಮೇಲೆಯೇ ಗೂಡು ಮಾಡುತ್ತವೆ. ಆಮೇಲೆ ಜೂನ್ ಆರಂಭದವರೆಗೆ ಆ ಗುರುತು ದಾಟಬೇಡಿ. ಅಮೆರಿಕದ ಮಿಸ್ಸೂರಿ ನದಿಯಲ್ಲಿ ಗ್ಯಾವಿನ್ಸ್ ಪಾಯಿಂಟ್ ಕಟ್ಟೆಯ ಕೆಳಗೆ ಮರಳ ದಿಬ್ಬದಲ್ಲಿ ಗೂಡುಕಟ್ಟುವ ಹಕ್ಕಿಗಳಿಗಾಗಿ ಮಾಡುವ ಉಪಾಯವೂ ಇದೇ: ಮೊದಲೇ ಏರಿಸಿ ಹಕ್ಕಿಗಳನ್ನು ಎತ್ತರಕ್ಕೆ ಕಳಿಸುವುದು.

ಮುಂಗಾರಿನ ಮೊದಲ ಏರು ಕಟ್ಟೆ ಇರುವ ಹೊಳೆಯಲ್ಲಿ ಪೂರ್ತಿ ಕಾಣೆಯಾಗುತ್ತದೆ. ಖಾಲಿಯಾದ ಜಲಾಶಯ ಮೊದಲ ನೀರನ್ನೆಲ್ಲ ನುಂಗುತ್ತದಲ್ಲ. ಜೂನ್‌ನ 9.19 ಟಿಎಂಸಿಯನ್ನು ದಿನವೂ ಒಂದೇ ಸಮ ಹರಿಸುವ ಬದಲು ಅದರಲ್ಲಿ ಎರಡು ಟಿಎಂಸಿಯನ್ನು ಎತ್ತಿಟ್ಟು, ಮೇಲಿನ ಕುಡಿಗೆಯಲ್ಲಿ ಹೊಳೆ ನಿಜವಾಗಿ ಏರಿದ ದಿನವೇ ನಾಲ್ಕೈದು ದಿನದ ಉಬ್ಬರವಾಗಿ ಬಿಡಿ. ಹೊಳೆಯ ಏರಿಕೆ, ಮೋಡ, ತಂಪು, ಕೆಂಪು ನೀರು ಒಟ್ಟಿಗೆ ಬಂದಾಗಲೇ ಮೀನು ಹೊರಡುವುದು. ಬಿಸಿಲಲ್ಲಿ ಬಿಟ್ಟ ತಿಳಿನೀರಿನ ಉಬ್ಬರಕ್ಕೆ ಅದು ಮೈ ಅಲುಗಿಸದು. ಲೆಕ್ಕದಲ್ಲಿ ಒಂದು ಹನಿಯೂ ಹೆಚ್ಚಾಗಿಲ್ಲ.

ಎಲ್ಲಕ್ಕಿಂತ ಮುಖ್ಯ ಇಳಿಸುವ ಬಗೆ. 5,000 ಕ್ಯುಸೆಕ್‌ನಿಂದ 1,000ಕ್ಕೆ ಹತ್ತು ನಿಮಿಷದಲ್ಲಿ ಗೇಟು ಇಳಿಸಿದರೆ ದಡದ ಹೊಂಡಗಳಲ್ಲಿ, ಕಲ್ಲಿನ ಸಂದಿಗಳಲ್ಲಿ ಮರಿಗಳು ಸಿಕ್ಕಿಕೊಳ್ಳುತ್ತವೆ. ಅರ್ಧ ದಿನದ ಬಿಸಿಲು ಸಾಕು. ಬದಲಿಗೆ ಮೂರು ಗಂಟೆಗೊಮ್ಮೆ 500 ಇಳಿಸಿ. ಎಂಟು ಹೆಜ್ಜೆಯಲ್ಲಿ 1,000 ತಲಪುತ್ತೀರಿ. ಹೆಚ್ಚುವರಿ ನೀರು ಎಷ್ಟು? ಪ್ರತಿ ಹೆಜ್ಜೆಯಲ್ಲೂ 1,000ಕ್ಕಿಂತ ಮೇಲಿರುವುದನ್ನು ಕೂಡಿಸಿದರೆ 1,750 ಕ್ಯುಸೆಕ್ ದಿನ, ಅಂದರೆ 0.15 ಟಿಎಂಸಿ. ಅದೂ ಬಿಳಿಗುಂಡ್ಲುವಿನ ಲೆಕ್ಕಕ್ಕೇ ಜಮೆ. ಕೆಳಗಿನ ತುಂಡಿನಲ್ಲಿ ನೀರಿನ ಮಟ್ಟ ಗಂಟೆಗೆ 5 ಸೆಂ.ಮೀ.ಗಿಂತ ಹೆಚ್ಚು ಇಳಿಯದಂತೆ ಹೆಜ್ಜೆಯ ಗಾತ್ರವನ್ನು ಹೊಂದಿಸಿ. ಮೊದಲ ವರ್ಷದ ಫಲ ನೋಡಿ ಬಿಗಿ ಮಾಡಿ ಅಥವಾ ಸಡಿಲಿಸಿ. ಹೆಜ್ಜೆಗಳು ಕೆಳಗೆ ಹೋದಂತೆ ಒಂದರೊಳಗೊಂದು ಬೆರೆತು ನಯವಾಗುತ್ತವೆ, ಆದ್ದರಿಂದ ಕಟ್ಟೆಯ ಬುಡದ ಮೊದಲ ಹತ್ತು ಕಿಲೋಮೀಟರೇ ಪರೀಕ್ಷೆಯ ಜಾಗ.

ರಂಗನತಿಟ್ಟಿಗೆ ಬೇಕಿರುವುದು ಮುಂಚಿತ ಬಿಡುಗಡೆ. ಕೆಆರ್‌ಎಸ್ 124.80 ಅಡಿ ತುಂಬುವವರೆಗೆ ಕಾದು ಒಮ್ಮೆಲೇ ಎಲ್ಲ ಗೇಟು ಎತ್ತುವುದಕ್ಕಿಂತ, ಕೊಡಗಿನ ಮಳೆ ಮತ್ತು ಮೇಲಿನ ಮಾಪನ ನೋಡಿ ಎರಡು ಮೂರು ದಿನ ಮೊದಲೇ ಮಿತವಾಗಿ ಬಿಡತೊಡಗುವುದು. ಎಂಜಿನಿಯರರ ಹಿಂಜರಿಕೆಗೆ ಕಾರಣವಿದೆ: ಮೇಲಿನ ಒಂದು ಅಡಿಯಲ್ಲಿ ಒಂದೂಕಾಲು ಟಿಎಂಸಿಗೂ ಮಿಕ್ಕಿ ನೀರಿದೆ, ಮಳೆ ಕೈಕೊಟ್ಟರೆ ಮಂಡ್ಯದ ರೈತರಿಗೆ ಉತ್ತರ ಹೇಳಬೇಕಾದವರು ಅವರೇ. ಹಾಗಾಗಿ ಒಂದು ಅಡಿ ಖಾಲಿ ಇಡಿ ಎಂದು ಕೇಳುವುದು ತಪ್ಪು. ‘ಮಟ್ಟ ಇಷ್ಟು, ಒಳಹರಿವು ಇಷ್ಟು, ಮೇಲಿನ ಹಾರಂಗಿ–ಹೇಮಾವತಿ ತುಂಬಿವೆ’ ಎಂಬ ಮೂರೂ ಕೂಡಿದಾಗ ಮಾತ್ರ ಜಾರಿಯಾಗುವ ನಿಯಮ ಕೇಳಿ. ಮೇಲಿನ ಕಟ್ಟೆಗಳೂ ತುಂಬಿರುವಾಗ ಆ ನೀರು ಹೇಗಿದ್ದರೂ ಹೊರಹೋಗುವುದೇ.

ಕಟ್ಟೆಯ ಮೇಲ್ಗಡೆಯೂ ಹೊಳೆಯೇ: ಭದ್ರಾದ ನದಿ ರೀವ

ಜಲಾಶಯದ ಒಳಗೂ ಇದೇ ಲೆಕ್ಕ ತಲೆಕೆಳಗಾಗಿ ನಡೆಯುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಬೇಸಿಗೆಗೆ ನೀರು ಇಳಿದಂತೆ ತಲೆಯೆತ್ತುವ ನಡುಗಡ್ಡೆಗಳ ಮೇಲೆ ನದಿ ರೀವಗಳು, ಅಂದರೆ ರಿವರ್ ಟರ್ನ್‌ಗಳು, ನೆಲದಲ್ಲೇ ಮೊಟ್ಟೆ ಇಡುತ್ತವೆ. ಮಟ್ಟ ಬೇಗ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ, ನರಿ, ಹಂದಿ ನಡೆದೇ ಬರುತ್ತವೆ. ಮುಂಗಾರು ಮೊದಲೇ ಬಂದು ಮಟ್ಟ ಏರಿದರೆ ಮರಿ ಹಾರುವ ಮೊದಲೇ ಮುಳುಗುತ್ತದೆ. ಮಾಡಬೇಕಾದ್ದು ಇಷ್ಟೇ: ಪ್ರತಿ ನಡುಗಡ್ಡೆಯ ನೆತ್ತಿಯನ್ನೂ, ದಡದೊಡನೆ ಕೂಡಿಸುವ ಕತ್ತಿನ ತಗ್ಗು ಬಿಂದುವನ್ನೂ ಲೆವೆಲ್ ಯಂತ್ರದಿಂದ ಅಳೆದು ಜಲಾಶಯದ ಅಡಿ ಲೆಕ್ಕದಲ್ಲಿ ಬರೆಯಿರಿ. ಈ ಎರಡರ ನಡುವಿನ ಪಟ್ಟಿಯೇ ಸುರಕ್ಷಿತ ಮಟ್ಟ. ಜನವರಿಯಲ್ಲಿ ನೀರಾವರಿ ಸಲಹಾ ಸಮಿತಿ ಬೇಸಿಗೆ ಬೆಳೆಗೆ ನೀರು ಬಿಡುವ ದಿನ ಗೊತ್ತುಮಾಡುವಾಗ ಆ ಪಟ್ಟಿ ಮೇಜಿನ ಮೇಲಿರಲಿ. ಮಟ್ಟ ಹೇಗೂ ಕತ್ತಿನ ಕೆಳಗೆ ಇಳಿಯುತ್ತದೆ ಎನ್ನುವ ವರ್ಷ ಆ ಕತ್ತಿನಲ್ಲಿ ಫೆಬ್ರವರಿಗೆ ಮೊದಲೇ ಅಗಲವಾದ ಕಾಲುವೆ ತೋಡಿ ಬಿಡಬಹುದು, ಅದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಗೇಟಿನವರ ಕೈಗೆ ಬಿಡದ ನೀರು

ಸಣ್ಣ ಒಡ್ಡುಗಳಲ್ಲಿ ತಳಹರಿವನ್ನು ಯಾರದೋ ನೆನಪಿಗೆ, ಮರ್ಜಿಗೆ ಬಿಟ್ಟರೆ ಅದು ನಿಂತೇ ನಿಲ್ಲುತ್ತದೆ. ಗೇಟಿಲ್ಲದ ಕಂಡಿ ಮಾಡಿಸಿ. ಲೆಕ್ಕ ಸುಲಭ: ಕಂಡಿಯ ನಡುವಿನಿಂದ ಮೇಲೆ 2 ಮೀಟರ್ ನೀರು ನಿಲ್ಲುವುದಾದರೆ ಪ್ರತಿ ಚದರ ಮೀಟರ್ ಕಂಡಿಯಿಂದ ಸೆಕೆಂಡಿಗೆ ಸುಮಾರು 3.75 ಘನ ಮೀಟರ್ ಹೋಗುತ್ತದೆ. ಸೆಕೆಂಡಿಗೆ 5 ಘನ ಮೀಟರ್, ಅಂದರೆ ಸುಮಾರು 177 ಕ್ಯುಸೆಕ್ ಬೇಕಿದ್ದರೆ 1.33 ಚದರ ಮೀಟರ್ ಕಂಡಿ. ಅದನ್ನು ಒಡ್ಡಿನ ಮೂಲೆಯಲ್ಲಿ ಇಡಬೇಡಿ, ಹೊಳೆಯ ಮುಖ್ಯ ಸೀಳು ಎಲ್ಲಿದೆಯೋ ಅಲ್ಲಿಡಿ. ಮುಂದೆ ಕಸ ತಡೆಯುವ ಕಂಬಿಗಳಿರಲಿ, ವಾರಕ್ಕೊಮ್ಮೆ ಬಿಡಿಸಿ ತೆಗೆಯುವ ಹೊಣೆ ಹೆಸರು ಹಿಡಿದು ಬರೆಯಿಸಿ. ಅಂತರಗಂಗೆ ಗಿಡ ಒಂದೇ ರಾತ್ರಿಯಲ್ಲಿ ಕಂಡಿ ಮುಚ್ಚುತ್ತದೆ.

ತಳದ ತೂಬಿನಿಂದ ನೀರು ಬಿಡುವಲ್ಲಿ ಇನ್ನೊಂದು ಅಪಾಯವಿದೆ. ಬೇಸಿಗೆಯಲ್ಲಿ ಜಲಾಶಯದ ತಳದ ನೀರಿನಲ್ಲಿ ಆಮ್ಲಜನಕ ಇರುವುದಿಲ್ಲ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದನ್ನು ಒಮ್ಮೆಲೇ ಬಿಟ್ಟರೆ ಕೆಳಗೆ ಮೀನು ತೇಲುತ್ತದೆ. ಮೇಲಿನ ನೀರನ್ನು ಬೆರೆಸಿ, ಸ್ವಲ್ಪಸ್ವಲ್ಪವಾಗಿ ಶುರುಮಾಡಿ. ಹೂಳು ತೊಳೆಯುವ ಕೆಲಸ ತುಂಬು ಹರಿವಿನಲ್ಲಿ ಮಾತ್ರ ಆಗಬೇಕು, ಬೇಸಿಗೆಯಲ್ಲಿ ಎಂದಿಗೂ ಬೇಡ.

ಕಾಗದದಲ್ಲಿ ಎಲ್ಲಿ ಹಿಡಿಯಬೇಕು

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 29ನೇ ಕಲಂ ವನ್ಯಜೀವಿಧಾಮಕ್ಕೆ ಬರುವ ಅಥವಾ ಅಲ್ಲಿಂದ ಹೊರಡುವ ನೀರಿನ ಹರಿವನ್ನು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿಯಿಲ್ಲದೆ ತಿರುಗಿಸುವುದನ್ನು, ನಿಲ್ಲಿಸುವುದನ್ನು, ಹೆಚ್ಚಿಸುವುದನ್ನು ನಿಷೇಧಿಸುತ್ತದೆ. ಮೀನಿನ ಪರ ವಾದಿಸುವವರು ಇದನ್ನು ಮರೆತೇ ಬಿಡುತ್ತಾರೆ. ಮೊಸಳೆ, ನೀರುನಾಯಿ ಮೊದಲನೇ ಅನುಸೂಚಿಯಲ್ಲಿವೆ. ನಿಮ್ಮ ಹರಿವಿನ ಪಟ್ಟಿಯನ್ನು ಮೂರು ಕಡೆ ಕೊಡಿ: ಕಾವೇರಿ ನೀರಾವರಿ ನಿಗಮದ ಜಲಾಶಯ ವಿಭಾಗ, ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗ, ನೀರಾವರಿ ಸಲಹಾ ಸಮಿತಿ. ಬಿಳಿಗುಂಡ್ಲುವಿನ ಲೆಕ್ಕ ಬದಲಾಗದೆ ದಿನದ ಹಂಚಿಕೆ ಮಾತ್ರ ಬದಲಾಗುತ್ತಿದೆ ಎಂಬುದನ್ನು ಮೊದಲ ಪುಟದಲ್ಲೇ ಕೋಷ್ಟಕವಾಗಿ ತೋರಿಸಿ, ಏಕೆಂದರೆ ಕಾವೇರಿ ನೀರು ನಿಯಂತ್ರಣ ಸಮಿತಿಯ ಮುಂದೆ ಉತ್ತರ ಕೊಡಬೇಕಾದ ಅಧಿಕಾರಿ ಮೊದಲು ನೋಡುವುದು ಅದನ್ನೇ. ಮೇಕೆದಾಟುವಿನಲ್ಲಿ ಪ್ರಸ್ತಾಪವಾಗಿರುವ 67.16 ಟಿಎಂಸಿಯ ಜಲಾಶಯ ಬಂದರೆ ಮೂರನೇ ತುಂಡಿನ ಬಹುಭಾಗ ಹರಿಯುವ ಹೊಳೆಯಾಗಿ ಉಳಿಯದು. ಹರಿವಿನ ಪಟ್ಟಿಯಿಂದ ಸರಿಪಡಿಸುವ ನಷ್ಟ ಅದಲ್ಲ. ಆ ಚರ್ಚೆಯಲ್ಲಿ ಇದನ್ನು ಪರಿಹಾರವೆಂದು ಮುಂದಿಡಬೇಡಿ.

ಬರದ ವರ್ಷ

2023ರಂಥ ವರ್ಷದಲ್ಲಿ ಹೊಳೆ ಕಾಯುವ ಮಾತು ಬಿಟ್ಟು ಮಡು ಕಾಯಬೇಕು. ಮಾರ್ಚ್ ಒಳಗೆ ಪ್ರತಿ ತುಂಡಿನ ಆಳದ ಮಡುಗಳನ್ನು ಹರಿಗೋಲಿನಲ್ಲಿ ಹೋಗಿ ಬಿದಿರ ಗಳು ಇಳಿಸಿ ಅಳೆದು ಹೆಸರಿನೊಡನೆ ಪಟ್ಟಿ ಮಾಡಿ. ಅವುಗಳಿಂದ ನೇರ ಪಂಪು ನಿಲ್ಲಿಸಿ, ಬಲೆ ನಿಲ್ಲಿಸಿ, ಸಿಡಿಮದ್ದಿನ ಮೇಲೆ ರಾತ್ರಿ ಕಾವಲು ಹಾಕಿ. ನೀರು ಕಡಿಮೆಯಾದ ಮಡುವಿಗೆ ಒಂದು ಸಿಡಿತ ಸಾಕು, ದೊಡ್ಡ ಮೀನೂ ಮರಿಯೂ ಒಟ್ಟಿಗೆ ಹೋಗುತ್ತವೆ. ಬೆಳಗಿನ ಜಾವ ಕರಗಿದ ಆಮ್ಲಜನಕ ಅಳೆಯಿರಿ. ಲೀಟರಿಗೆ 4 ಮಿಲಿಗ್ರಾಂ ಎಂಬುದು ವನ್ಯಜೀವಿ ಮತ್ತು ಮೀನುಗಾರಿಕೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕನಿಷ್ಠ ಮಟ್ಟ. ಅದಕ್ಕಿಂತ ಕೆಳಗೆ ಹೋದರೆ ಒಂದು ದಿನದ 500 ಕ್ಯುಸೆಕ್‌ನ ತುರ್ತು ಬಿಡುಗಡೆ, ಅಂದರೆ 0.04 ಟಿಎಂಸಿ, ಕೇಳಲು ಪತ್ರ ಮೊದಲೇ ಸಿದ್ಧವಿರಲಿ. ಅರಕಲಗೂಡಿನ ರಾಮನಾಥಪುರದಲ್ಲಿ, ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವರ ಮೀನೆಂದು ಜನರೇ ಕಾಯುವ ಮಡುಗಳಿವೆ. ಶಿಶಿಲದಲ್ಲಿ 1996ರಲ್ಲಿ ವಿಷ ಹಾಕಿ ಸಾವಿರಾರು ಮೀನು ಕೊಂದ ಮೇಲೂ ಊರವರು ಕಾವಲು ಬಿಡಲಿಲ್ಲ. ಹೊಸ ಮಡುಗಳ ಕಾವಲನ್ನು ಊರಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಪ್ಪಿಸುವಾಗ ಆ ಊರುಗಳ ಪದ್ಧತಿಯೇ ಮಾದರಿ.

ಮೀನು ಕಡಿಮೆಯಾಯಿತೆಂದು ಮರಿ ತಂದು ಬಿಡುವ ಉತ್ಸಾಹ ಬರದ ನಂತರವೇ ಹೆಚ್ಚು. ದಯವಿಟ್ಟು ಬೇಡ. 1970ರ ದಶಕದಿಂದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದ ನೀಲಿ ರೆಕ್ಕೆಯ ಮಹಶೀರ್ ಕಾವೇರಿಗೆ ಬಂದು ತುಂಬಿಕೊಂಡಿತು. ಬಿಳಿಮೀನಿನ ಸಂಖ್ಯೆ ಕುಸಿದದ್ದು ಅದರ ಜೊತೆಜೊತೆಗೇ. ವಂಶವಾಹಿ ಪರೀಕ್ಷೆಯಿಲ್ಲದ ಒಂದು ಮರಿಯೂ ಈ ಹೊಳೆಗೆ ಬೀಳಬಾರದು.

ನೋಡಿ, ಬರೆದು, ತಿದ್ದುವುದು

ಪ್ರತಿ ದೊಡ್ಡ ಇಳಿಕೆಯ ನಂತರ ಎರಡು ಗಂಟೆಯೊಳಗೆ ಐದು ಕಡೆ ತಲಾ 100 ಮೀಟರ್ ದಡ ನಡೆದು, ಹೊಂಡಗಳಲ್ಲಿ ಸಿಕ್ಕಿದ ಮೀನು ಎಣಿಸಿ ಹೊಳೆಗೆ ಬಿಡಿ. ತಾರೀಖು, ಹೊತ್ತು, ಇಳಿದ ಮಟ್ಟ, ಎಣಿಕೆ, ಅಷ್ಟೇ ಸಾಕು. ನೀರುನಾಯಿಯ ಹಿಕ್ಕೆಯಿರುವ ಬಂಡೆಗಳನ್ನು ಗುರುತಿಟ್ಟು ಡಿಸೆಂಬರ್, ಮಾರ್ಚ್‌ಗಳಲ್ಲಿ ಅದೇ ಬಂಡೆಗಳನ್ನೇ ನೋಡಿ. ಮೊಸಳೆಗೆ ರಾತ್ರಿ ಟಾರ್ಚ್ ಬೆಳಕಿನ ಕಣ್ಣೆಣಿಕೆ, ಗೂಡಿಗೆ ಏಪ್ರಿಲ್‌ನಲ್ಲಿ ದೂರದರ್ಶಕದಿಂದ ನೋಟ. ಹತ್ತಿರ ಹೋಗಿ ಹೆಜ್ಜೆ ಮೂಡಿಸಿದರೆ ನಾಯಿಗಳಿಗೆ ದಾರಿ ತೋರಿಸಿದಂತೆ. ಬಿಳಿಮೀನು ಕಣ್ಣಿಗೆ ಬೀಳುವುದೇ ಅಪರೂಪ, ಅದಕ್ಕೆ ನೀರಿನ ಮಾದರಿಯಲ್ಲಿ ವಂಶವಾಹಿ ಹುಡುಕುವ ವಿಧಾನ ಬಳಸಿ, ಮಳೆಗೆ ಮೊದಲು ಮೇ ತಿಂಗಳಲ್ಲಿ ಒಂದು ಸಲ.

ಮೇ ಮೂರನೇ ವಾರದಲ್ಲಿ ಎಲ್ಲ ಅಂಕಿಗಳನ್ನೂ ಒಂದೇ ಹಾಳೆಗೆ ತನ್ನಿ: ಯಾವ ದಿನ ನೆಲ ಮುರಿಯಿತು, ಯಾವ ದಿನ ಸೂರು ಮುರಿಯಿತು, ಯಾವ ಇಳಿಕೆಯಲ್ಲಿ ಎಷ್ಟು ಮರಿ ಸಿಕ್ಕಿಕೊಂಡವು. ಅದರ ಪ್ರಕಾರ ಜೂನ್‌ನ ಉಬ್ಬರದ ಗಾತ್ರ, ಇಳಿಕೆಯ ಹೆಜ್ಜೆ ತಿದ್ದಿ, ಗೇಟು ನಡೆಸುವವರ ಕೋಣೆಯ ಗೋಡೆಗೆ ದೊಡ್ಡ ಅಕ್ಷರದ ಕನ್ನಡ ಪಟ್ಟಿ ಅಂಟಿಸಿ. ಪಕ್ಕದಲ್ಲಿ ವಲಯ ಅರಣ್ಯಾಧಿಕಾರಿಯ ಕಚೇರಿಯ ದೂರವಾಣಿ ಸಂಖ್ಯೆ ಇರಲಿ, ನಡುರಾತ್ರಿ ಗೇಟು ಎತ್ತಬೇಕಾದವರು ಎತ್ತುವ ಅರ್ಧ ಗಂಟೆ ಮೊದಲು ಅದಕ್ಕೆ ಕರೆ ಮಾಡಲಿ.